ನೋಡದೆ ಹಾಕಿದ ಸಹಿ

ಹೋದ ತಿಂಗಳು ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಕೈಯಲ್ಲೊಂದು ಕಾಗದ ಹಿಡಿದು ಕೆಳಗೆ ಬಂದಳು. ಹೆಸರು ಮೇಘನಾ. ದಾವಣಗೆರೆ ಕಡೆಯವಳು, ಇಲ್ಲಿ ಕೊಯಮತ್ತೂರಿನಲ್ಲಿ ಎಂ.ಡಿ. ಓದುತ್ತಿದ್ದಾಳೆ. ಎಂಟು ದಿನ ಜ್ವರದಲ್ಲಿ ಮಲಗಿದ್ದವಳು ಅವತ್ತಷ್ಟೇ ಎದ್ದು ತಲೆ ಬಾಚಿಕೊಂಡಿದ್ದಳು.

"ಆಂಟಿ, ಒಂದು ಸೈನ್ ಹಾಕ್ಕೊಡ್ತೀರಾ? ಫಿಟ್‌ನೆಸ್ ಸರ್ಟಿಫಿಕೇಟು. ಇದಿಲ್ದೆ ನಾಳೆ ಡ್ಯೂಟಿಗೆ ಸೇರಿಸ್ಕೊಳ್ಳಲ್ಲ."

ಕಾಗದದಲ್ಲಿ ಅದೇ ಹಳೆಯ ಇಂಗ್ಲಿಷ್ ವಾಕ್ಯವಿತ್ತು: ಇವರನ್ನು ನಾನು ಸೂಕ್ಷ್ಮವಾಗಿ ಪರೀಕ್ಷಿಸಿದ್ದೇನೆ, ಇವರು ಕೆಲಸಕ್ಕೆ ಮರಳಲು ಯೋಗ್ಯರಾಗಿದ್ದಾರೆ. ಓದಿದ್ದೇ ತಡ, ನನಗೆ ಎಲ್ಲಿತ್ತೋ ಸಿಟ್ಟು. "ನಿಮ್ ಕಾಲೇಜಲ್ಲಿ ಡಾಕ್ಟ್ರಿಗೆ ಬರವಾ? ನನ್ ಹತ್ರ ಯಾಕ್ ತಂದೆ? ಸೈನಂತೆ ಸೈನು! ನಾನ್ ಹಾಕಲ್ಲ, ಹೋಗು" ಎಂದು ಕೂಗಾಡಿಬಿಟ್ಟೆ. ಪಾಪ, ಆ ಮಗು ಮುಖ ಸಣ್ಣಗೆ ಮಾಡಿಕೊಂಡು ಮೆಟ್ಟಿಲು ಹತ್ತಿ ಹೋಯಿತು.

ಅವಳು ಮಾಡಿದ ತಪ್ಪೇನೂ ಇರಲಿಲ್ಲ. ಆ ವಾಕ್ಯದ ಕೆಳಗೆ ಒಮ್ಮೆ ನಾನೊಂದು ಸಹಿ ಹಾಕಿದ್ದೆ. ಅದರ ಸಿಟ್ಟು ಇವಳ ತಲೆಯ ಮೇಲೆ ಬಿತ್ತು. ಯಾವ ಸಹಿ, ಯಾರಿಗೆ ಹಾಕಿದ್ದು ಎಂದು ಅವಳಿಗೂ ಅವಳ ವಯಸ್ಸಿನವರಿಗೂ ಹೇಳಬೇಕಾಗಿದೆ.

ನಾನು ತಮಿಳುನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತೆರಡು ವರ್ಷ ಡಾಕ್ಟರಾಗಿ ದುಡಿದು ನಿವೃತ್ತಳಾದವಳು. ನಮ್ಮದು ಮೂರು ತಲೆಮಾರಿನಿಂದ ಕೊಯಮತ್ತೂರಿನಲ್ಲಿ ನೆಲೆಸಿದ ಕನ್ನಡ ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನನ್ನ ತಮ್ಮಂದಿರಿಗೆ ಕನ್ನಡ ಓದಲು ಬಾರದು. ನನಗೆ ಮಾತ್ರ ಅಜ್ಜಿ ಅಕ್ಕಿ ಹರಡಿದ ಮೊರದಲ್ಲಿ ಬೆರಳು ಹಿಡಿದು ತಿದ್ದಿಸಿದ್ದಳು. ಬಡ್ತಿ, ಸನ್ಮಾನ, ಶಾಲು, ಹಾರದ ಕತೆ ಇಲ್ಲಿ ಬರೆಯುವುದಿಲ್ಲ. ಅವು ಬೇಕಾದವರು ನಮ್ಮ ಹಜಾರದ ಗೋಡೆ ನೋಡಿಕೊಳ್ಳಬಹುದು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಡತ್ತುಕುಳಂ ಕಡೆಯ ಹಳ್ಳಿಯೊಂದರಲ್ಲಿದ್ದೆ. ಸಕ್ಕರೆ ಕಾಯಿಲೆಯ ಹೆಂಗಸೊಬ್ಬಳಿಗೆ ಪುಸ್ತಕದಲ್ಲಿದ್ದಂತೆ, "ದಿನಾ ಅರ್ಧ ಗಂಟೆ ನಡೀಬೇಕಮ್ಮ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. "ಕಬ್ಬಿನ ತೋಟಕ್ಕೆ ಹೋಗಿ ಬರೋದೇ ಆರು ಮೈಲಿಂಗ ಡಾಕ್ಟರಮ್ಮ. ನೀವು ಬಸ್ ಇಳಿದು ಕುರ್ಚಿವರೆಗೆ ನಡೀತೀರಿ, ಅಷ್ಟೇ. ಮಾತ್ರೆ ನೀವು ತಗೊಳ್ಳಿ." ಮಾತಿನ ಕೊನೆಗೊಂದು 'ಂಗ' ಸೇರಿಸಿ ಮರ್ಯಾದೆ ಕೊಡುವುದು ಈ ಕೊಂಗು ಸೀಮೆಯ ರೂಢಿ. ಬೈಯುವಾಗಲೂ ಅದನ್ನು ಬಿಡುವುದಿಲ್ಲ. ಮೇಘನಾಳ ಜೊತೆಗಿನದು ಬಿಟ್ಟರೆ ಇಲ್ಲಿ ಬರೆದ ಮಾತುಗಳೆಲ್ಲ ನಡೆದದ್ದು ತಮಿಳಿನಲ್ಲಿ. ಕನ್ನಡಕ್ಕೆ ತರುವಾಗ ಅಲ್ಲಲ್ಲಿ ಆ 'ಂಗ'ವನ್ನೂ ಚಿಕ್ಕವರನ್ನು ಪ್ರೀತಿಯಿಂದ ಕರೆಯುವ 'ಕಣ್ಣು' ಎಂಬ ಮಾತನ್ನೂ ಹಾಗೇ ಉಳಿಸಿದ್ದೇನೆ.

ಆ ಹೆಂಗಸು ಹೇಳಿದ್ದು ನಿಜ. ನನಗೆ ಮೂವತ್ತೈದಕ್ಕೆ ಬಿ.ಪಿ. ಬಂತು, ನಲವತ್ತೈದಕ್ಕೆ ಮಂಡಿ ಹೋಯಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ನಡೆಯಿರಿ, ಚೆನ್ನಾಗಿ ನಿದ್ದೆ ಮಾಡಿ, ಚಿಂತೆ ಬಿಡಿ ಎಂದು ದಿನಕ್ಕೆ ನೂರು ಸಲ ಹೇಳುವ ನಾವು ಸ್ಟೂಲಿನ ಮೇಲೆ ಕೂತು ಇಡ್ಲಿ ನುಂಗಿ ಮುಂದಿನ ಚೀಟಿಗೆ ಕೈ ಚಾಚುತ್ತಿದ್ದೆವು.

ಇನ್ನೊಂದು ರೂಢಿಯನ್ನೂ ಹೇಳಬೇಕು. ಡಾಕ್ಟರು ತನಗಾಗಿ ಎಂದೂ ಓ.ಪಿ. ಚೀಟಿ, ಎಂದರೆ ಹೊರರೋಗಿ ಚೀಟಿ, ಬರೆಸುವುದಿಲ್ಲ. ಮೈ ಸರಿಯಿಲ್ಲದಿದ್ದರೆ ವರಾಂಡದಲ್ಲಿ ಎದುರಾದ ಸಹೋದ್ಯೋಗಿಯನ್ನು ನಿಲ್ಲಿಸಿ ಎರಡು ಮಾತು ಹೇಳಬೇಕು. ಅವನು ನಡೆಯುತ್ತಲೇ ಒಂದು ಮಾತ್ರೆಯ ಹೆಸರು ಹೇಳಬೇಕು. ಡಾಕ್ಟರನ್ನು ಡಾಕ್ಟರು ಮಲಗಿಸಿ, ಸ್ಟೆತಸ್ಕೋಪ್ ಇಟ್ಟು ಪರೀಕ್ಷಿಸಿದರೆ ಅದೇನೋ ಅವಮಾನ, ಅಪನಂಬಿಕೆ ಎಂಬ ಭಾವನೆ. ರಜೆ ಮುಗಿಸಿ ಬಂದವರ ಫಿಟ್‌ನೆಸ್ ಸರ್ಟಿಫಿಕೇಟು ಗೋಡೆಗೆ ಒರಗಿಸಿ ಬರೆದದ್ದೇ ಹೊರತು ಮಂಚದ ಪಕ್ಕ ಬರೆದದ್ದನ್ನು ನಾನು ಕಂಡಿಲ್ಲ. ಕುದಿಸಿ ಬಳಸುತ್ತಿದ್ದ ಗಾಜಿನ ಸಿರಿಂಜು ಹೋಗಿ ಒಮ್ಮೆ ಬಳಸಿ ಎಸೆಯುವುದು ಬಂತು, ಕೈಬರಹದ ಲೆಡ್ಜರು ಹೋಗಿ ಕಂಪ್ಯೂಟರ್ ಬಂತು. ಇದೊಂದು ಮಾತ್ರ ಹಾಗೇ ಉಳಿಯಿತು.

ನಿವೃತ್ತಿಗೆ ಎರಡು ವರ್ಷವಿದ್ದಾಗ ಅಮರಾವತಿ ಹೊಳೆಯ ಆಸುಪಾಸಿನ ಒಂದು ಆಸ್ಪತ್ರೆಗೆ ನಾನು ಮುಖ್ಯಸ್ಥೆ. ಊರ ಹೆಸರು ಹೇಳುವುದಿಲ್ಲ. ಧಾರಾಪುರಂ ಬಸ್ಸು ಹತ್ತಿದರೆ ದಾರಿಯಲ್ಲಿ ಸಿಗುತ್ತದೆ, ಅಷ್ಟು ಸಾಕು. ಆಗಿನ್ನೂ ತಿರುಪ್ಪೂರು ಬೇರೆ ಜಿಲ್ಲೆಯಾಗಿರಲಿಲ್ಲ. ಆಸ್ಪತ್ರೆಯ ಹಿಂದೆ, ಬೇವಿನ ಮರಗಳ ನಡುವೆ, ಎರಡು ಕಬ್ಬಿಣದ ಕಂಬ ನೆಟ್ಟು ಬಾಲ್ ಬ್ಯಾಡ್ಮಿಂಟನ್ ಅಂಗಳ ಮಾಡಿಕೊಂಡಿದ್ದರು. ಉಣ್ಣೆಯ ಹಳದಿ ಚೆಂಡು, ಈ ಕಡೆ ಐವರು, ಆ ಕಡೆ ಐವರು. ತಮಿಳಿನಲ್ಲಿ ಪೂಪ್ಪಂದು ಎನ್ನುತ್ತಾರೆ. ಸಂಜೆ ಐದಕ್ಕೆ ಓ.ಪಿ. ಮುಗಿದರೆ ಐದೂವರೆಗೆ ಆಟ.

ಆ ಆಟದ ಜೀವ ಪೂಂಗೊಡಿ. ಇಪ್ಪತ್ತೊಂಬತ್ತರ ಡಾಕ್ಟರ್ ಹುಡುಗಿ, ಕುನ್ನತ್ತೂರಿನ ಬೇಸಾಯದ ಮನೆಯವಳು, ಕಾಲೇಜು ತಂಡದಲ್ಲಿ ಆಡಿದವಳು. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ನಿಂತರೆ ಗಂಡಸರೂ ಹಿಂದೆ ಸರಿಯುತ್ತಿದ್ದರು. ಔಷಧಿ ಕೊಡುವ ಫಾರ್ಮಸಿಸ್ಟ್ ಮುರುಗೇಶನ್ ಅವಳ ತಂಡದ ನಾಯಕ. ಬೆಳಿಗ್ಗೆ "ಡಾಕ್ಟರ್ ಮೇಡಂ" ಎಂದು ಎದ್ದು ನಿಲ್ಲುವ ಮನುಷ್ಯ ಸಂಜೆ "ಏಯ್, ಚೆಂಡು ಬಿಟ್ಯಲ್ಲ! ಕಣ್ಣು ಎಲ್ಲಿಟ್ಟಿದ್ದೆ?" ಎಂದು ಅವಳ ಮೇಲೆ ಅರಚುತ್ತಿದ್ದ. ಅವಳು ನಾಲಿಗೆ ಕಚ್ಚಿಕೊಂಡು ನಗುತ್ತಿದ್ದಳು. ಬೆಳಿಗ್ಗೆಯಿಂದ ಏನೇ ಆಗಿರಲಿ, ಹೆರಿಗೆಯಲ್ಲಿ ಮಗು ಹೋಗಿರಲಿ, ಕುಡಿದವನೊಬ್ಬ ಬಂದು ಕಾಲರ್ ಹಿಡಿದಿರಲಿ, ಆ ಒಂದು ಗಂಟೆ ಅವಳನ್ನು ಯಾರೂ ಡಾಕ್ಟರ್ ಎನ್ನುತ್ತಿರಲಿಲ್ಲ. ನಾನು ಆಡಿದವಳಲ್ಲ. ಕಿಟಕಿಯಿಂದ ನೋಡಿ, ಇವರಿಗೆಲ್ಲಿಂದ ಬರುತ್ತೆ ಶಕ್ತಿ ಎಂದುಕೊಂಡು ಫೈಲಿಗೆ ಮರಳುತ್ತಿದ್ದೆ. ಶಕ್ತಿ ಅಲ್ಲಿಂದಲೇ ಬರುತ್ತಿತ್ತು ಎಂಬುದು ನನ್ನ ದಪ್ಪ ತಲೆಗೆ ಹೊಳೆಯಲಿಲ್ಲ.

ಆಮೇಲೆ ಚಿಕೂನ್‌ಗುನ್ಯಾ ಬಂತು. ಕೀಲು ಹಿಡಿದು ಇಡೀ ಊರು ಬಗ್ಗಿ ನಡೆಯುತ್ತಿತ್ತು. ವರಾಂಡದಲ್ಲಿ ಕಾಲಿಡಲು ಜಾಗವಿಲ್ಲ. ಐದು ಡಾಕ್ಟರ ಜಾಗದಲ್ಲಿ ಮೂವರಿದ್ದೆವು. ಚೀಟಿ ಎಣಿಸುವುದನ್ನೇ ಬಿಟ್ಟೆವು. ಆದರೂ ಐದೂವರೆಗೆ ಅರ್ಧ ಗಂಟೆಯಾದರೂ ಚೆಂಡಿನ ಸದ್ದು ಕೇಳುತ್ತಿತ್ತು. ಆಗಲೇ ಯಾರೋ ಗೋಡೆಯಾಚೆಯಿಂದ ಫೋಟೊ ತೆಗೆದು ಪತ್ರಿಕೆಗೆ ಕೊಟ್ಟರು. 'ಜನರಿಗೆ ಜ್ವರ, ಡಾಕ್ಟರಿಗೆ ಆಟ' ಎಂಬರ್ಥದ ತಲೆಬರಹ. ಪೂಂಗೊಡಿ ನೆಗೆದು ಚೆಂಡು ಹೊಡೆಯುತ್ತಿರುವ ಚಿತ್ರ, ಮುಖದ ತುಂಬ ನಗು.

ಮರುದಿನ ಹನ್ನೊಂದಕ್ಕೆ ಮೇಲಧಿಕಾರಿಯ ಜೀಪು ಬಂತು. ಹೊರಗೆ ಸಾಲು ನಿಂತ ಜನರ ಎದುರಿಗೇ ಅವರು ನನ್ನನ್ನು ಕೇಳಿದರು: "ಏನಮ್ಮಾ, ಇದು ಆಸ್ಪತ್ರೆನಾ, ಕ್ಲಬ್ಬಾ?"

"ಡ್ಯೂಟಿ ಮುಗಿದ ಮೇಲೆ ಸಾರ್..."

"ಜ್ವರ ಮುಗಿಯೋ ತನಕ ಡ್ಯೂಟಿ ಮುಗಿಯೋದಿಲ್ಲ. ಆಟ ನಿಲ್ಲಿಸಿ."

ಸೊಳ್ಳೆ ಬೆಳೆದದ್ದು ಚರಂಡಿಯಲ್ಲಿ. ಖಾಲಿ ಹುದ್ದೆ ತುಂಬದೆ ಕೂತಿದ್ದು ಮೇಲಿನವರು. ನಿಂತದ್ದು ನಮ್ಮ ಆಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಷ್ಟು ಹೇಳುವ ಬಾಯಿ ನನಗಿರಲಿಲ್ಲ. ಬಾಯಿ ಇರಲಿಲ್ಲ ಎಂಬುದನ್ನಾದರೂ ಕ್ಷಮಿಸಬಹುದು. ಮಧ್ಯಾಹ್ನದೊಳಗೆ ಇಬ್ಬರು ಕೂಲಿಯವರನ್ನು ಕರೆಸಿ ಆ ಕಂಬಗಳನ್ನು ಸಿಮೆಂಟಿನ ಬುಡದ ಸಮೇತ ಕೀಳಿಸಿದೆ. ಆಟ ನಿಲ್ಲಿಸಿ ಎಂದದ್ದು ಅವರು, ಕಂಬ ಕೀಳಿಸಿದ್ದು ನಾನು. ಒಡೆಯ ಕೂರು ಎಂದರೆ ಮಲಗಿಯೇ ಬಿಡುವ ಈ ಅತಿವಿನಯ ನಮ್ಮ ಸರ್ಕಾರಿ ನೌಕರರಿಗೆ ಎಲ್ಲಿಂದ ಬರುತ್ತದೋ ಕಾಣೆ.

ಪೂಂಗೊಡಿ ಬಂದು ಗುಂಡಿಗಳನ್ನು ನೋಡಿದಳು. "ಬಲೆ ಬಿಚ್ಚಿದ್ರೆ ಸಾಕಾಗ್ತಿತ್ತಲ್ಲ ಮೇಡಂ. ಕಂಬ ಯಾಕೆ ಕಿತ್ತಿದ್ರಿ?"

"ಜ್ವರ ಹೋಗ್ಲಿ ಕಣ್ಣು, ಮತ್ತೆ ನೆಡೋಣ" ಎಂದೆ.

"ಸರೀಂಗ ಮೇಡಂ" ಎಂದು ಓ.ಪಿ.ಗೆ ಹೋದಳು. ಆಮೇಲೆ ಅವಳು ನಕ್ಕದ್ದು ನನಗೆ ನೆನಪಿಲ್ಲ.

ಮುರುಗೇಶನ್ ಒಂದೆರಡು ಸಲ ನನ್ನ ಹತ್ತಿರ ಬಂದ. "ಆ ಹುಡುಗಿ ಸರಿ ಇಲ್ಲೀಂಗ ಮೇಡಂ. ಊಟದ ಡಬ್ಬಿ ತೆರೆಯೋದೇ ಇಲ್ಲ. ಸಂಜೆ ಐದೂವರೆಗೆ ಹಿಂದಿನ ಬಾಗಿಲಿಗೆ ಬಂದು ಸುಮ್ನೆ ನಿಂತಿರ್ತಾಳೆ." ನನಗೂ ಸುಸ್ತು, ನನಗೂ ನಿದ್ದೆಯಿಲ್ಲ ಎಂದು ಅವನ ಮೇಲೇ ರೇಗಿದೆ. ನಮ್ಮ ವೃತ್ತಿಯಲ್ಲಿ ದಣಿವು ಎಂದರೆ ಪಂದ್ಯ. ನಾನು ಇಷ್ಟು ದಣಿದೆ, ನೀನು ಎಷ್ಟು ದಣಿದೆ ಎಂದು ಮೆರೆಯುತ್ತೇವೆ. ಬಿದ್ದವರನ್ನು ಸೋತವರೆಂದು ಎಣಿಸುತ್ತೇವೆ.

ಕೊನೆಗೆ ಜ್ವರ ಅವಳಿಗೂ ಬಂತು. ಹತ್ತು ದಿನದ ರಜೆ ಹಾಕಿ ಕುನ್ನತ್ತೂರಿಗೆ ಹೋದಳು. ಆರನೆಯ ದಿನ ನಾನು ಫೋನ್ ಮಾಡಿದೆ. "ಜ್ವರ ಬಿಟ್ಟಿದ್ಯಾ? ಬಾ ಕಣ್ಣು, ಕೈ ಸಾಲ್ತಾ ಇಲ್ಲ." ಮರುದಿನ ಬೆಳಿಗ್ಗೆ ಬಂದಳು. ಬಸ್ಸಿನಿಂದ ಇಳಿದು ಕಂಬಿ ಹಿಡಿದು ನಿಂತು ನಿಂತು ವರಾಂಡಕ್ಕೆ ಬಂದಳು. ಕೈಯಲ್ಲಿ ಆ ಕಾಗದ.

ನಾನು ಪೆನ್ನು ತೆಗೆದು ಕಾಗದವನ್ನು ಗೋಡೆಗೆ ಒತ್ತಿ ಸಹಿ ಹಾಕಿದೆ. ಅರ್ಧ ನಿಮಿಷವೂ ಆಗಲಿಲ್ಲ. ಕೊಡುವಾಗ ಅವಳು ಕೇಳಿದಳು:

"ಮೇಡಂ, ನೀವು ನನ್ನ ನೋಡ್ಲೇ ಇಲ್ಲೀಂಗಳೇ?"

ನಾನು ನಕ್ಕೆ. "ನೋಡೋದೇನಿದೆ? ಎದುರಿಗೇ ನಿಂತಿದ್ದೀಯಲ್ಲ. ಹೋಗು, ಸಾಲು ಗೇಟಿನ ತನಕ ಹೋಗಿದೆ."

ಅವಳಿಗೆ ಹೇಳುವುದಿತ್ತು. ಡಾಕ್ಟರು ಬಾಯಿಬಿಟ್ಟು ನನ್ನನ್ನು ಪರೀಕ್ಷಿಸಿ ಎಂದು ಕೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿರಬೇಕಿತ್ತು. ಅವಳು ಕೇಳಿದಳು, ನಾನು ನಕ್ಕೆ. ಮಗಳೇ ಮೇಘನಾ, ನನ್ನ ಸಿಟ್ಟು ಇದರದ್ದು.

ನಾಲ್ಕನೆಯ ದಿನ, ಹನ್ನೆರಡು ಗಂಟೆಯ ಹೊತ್ತಿಗೆ, ಮುರುಗೇಶನ್ ಒಂದು ಹಿಡಿ ಚೀಟಿ ಹಿಡಿದು ನನ್ನ ಕೋಣೆಗೆ ನುಗ್ಗಿದ. ಎಲ್ಲವೂ ಪೂಂಗೊಡಿಯ ಕೈಬರಹ. ಎಲ್ಲದರಲ್ಲೂ ಅದೇ ಜ್ವರದ ಮಾತ್ರೆ, ಅದೇ ನೋವಿನ ಮಾತ್ರೆ, ಅದೇ ಮೂರು ದಿನ. ಕುಡುಗೋಲಿನಿಂದ ಕೈ ಕುಯ್ದುಕೊಂಡವನಿಗೂ ಅದೇ, ಕಿವಿ ಸೋರುವ ಮಗುವಿಗೂ ಅದೇ. ಎಕ್ಸ್‌ರೇ ಕೋಣೆ ಎಲ್ಲಿ ಎಂದು ಕೇಳಲು ಹೋದ ಮುದುಕಿಯ ಕೈಗೂ ಅದೇ ಚೀಟಿ.

"ಇವನನ್ನ ನೋಡೀಂಗ ಮೊದಲು" ಎಂದು ಮುರುಗೇಶನ್ ಒಬ್ಬನನ್ನು ಒಳಗೆ ಎಳೆದು ತಂದ. ಐವತ್ತರ ಆಸುಪಾಸಿನ ಮನುಷ್ಯ, ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈ ಎದೆಯ ಮೇಲಿತ್ತು. ಅವನಿಗೂ ಜ್ವರದ ಮಾತ್ರೆ. ಮಲಗಿಸಿ, ಮಾಡಬೇಕಾದ್ದು ಮಾಡಿ ಆಂಬುಲೆನ್ಸಿನಲ್ಲಿ ಕೊಯಮತ್ತೂರಿಗೆ ಕಳಿಸಿದೆವು. ಬದುಕಿದ. ಅದು ಮುರುಗೇಶನ್ ಪುಣ್ಯ, ನನ್ನದಲ್ಲ.

ಆಮೇಲೆ ಓ.ಪಿ. ಕೋಣೆಗೆ ಓಡಿದೆ. ಜನರನ್ನು ಹೊರಗೆ ತಡೆದಿದ್ದರು. ಅವಳ ಎದುರಿನ ಸ್ಟೂಲಿನ ಮೇಲೆ ಯಾರೂ ಇರಲಿಲ್ಲ. ಅವಳು ತಲೆ ಬಗ್ಗಿಸಿ ಬರೆಯುತ್ತಲೇ ಇದ್ದಳು. ಒಂದು ಚೀಟಿ ಮುಗಿದರೆ ಹರಿದು ಮುಂದಕ್ಕೆ ಚಾಚುವುದು, ತೆಗೆದುಕೊಳ್ಳುವವರಿಲ್ಲದೆ ಅದು ಮೇಜಿನ ಮೇಲೆ ಬೀಳುವುದು, ಮತ್ತೊಂದು ಬರೆಯುವುದು. ಬೆರಳಿನ ಗಂಟುಗಳು ಊದಿ ಹೊಳೆಯುತ್ತಿದ್ದವು. ಹೆಗಲು ಮುಟ್ಟಿದೆ. ತಲೆ ಎತ್ತದೆ ಕೇಳಿದಳು, "ಇನ್ನೂ ಎಷ್ಟು ಜನ ಇದಾರೆ ಮೇಡಂ?"

ವಿಚಾರಣೆ ಮೇಲಧಿಕಾರಿಯ ಕೋಣೆಯಲ್ಲಿ ನಡೆಯಿತು. ಪೂಂಗೊಡಿ ಒಂದು ಕಡೆ, ನಾನು ಇನ್ನೊಂದು ಕಡೆ. ನಾನು ಧೈರ್ಯ ತಂದುಕೊಂಡು ಹೇಳಿದೆ: "ಇದು ನಿರ್ಲಕ್ಷ್ಯ ಅಲ್ಲ ಸಾರ್, ಕಾಯಿಲೆ. ಮೈಯೂ ಸರಿಯಿರಲಿಲ್ಲ, ಮನಸ್ಸೂ ಕುಸಿದಿತ್ತು."

ಅವರು ಫೈಲಿನಿಂದ ಒಂದು ಕಾಗದ ಎಳೆದು ನನ್ನ ಕಡೆ ತಿರುಗಿಸಿದರು. "ಇದು ನಿಮ್ಮ ಸಹಿ ತಾನೇ ಅಮ್ಮಾ? ಅದಾಗೋಕೆ ನಾಲ್ಕು ದಿನ ಮೊದಲು ಪರೀಕ್ಷೆ ಮಾಡಿ ಫಿಟ್ ಅಂತ ಕೊಟ್ಟಿದ್ದೀರಿ. ಫಿಟ್ ಇದ್ದೋರು ಹೀಗೆ ಬರೆದ್ರೆ ಅದು ನಿರ್ಲಕ್ಷ್ಯ. ಇಲ್ಲ, ನೀವು ಪರೀಕ್ಷೆನೇ ಮಾಡಿಲ್ಲ ಅಂದ್ರೆ ಈ ಮೆಮೊ ನಿಮಗೂ ಬರುತ್ತೆ. ಯಾವುದು, ಹೇಳಿಬಿಡಿ."

ಫ್ಯಾನು ತಿರುಗುತ್ತಿತ್ತು. ಪೂಂಗೊಡಿ ನನ್ನನ್ನೇ ನೋಡುತ್ತಿದ್ದಳು. ನಿವೃತ್ತಿಗೆ ಎರಡು ವರ್ಷ ಇತ್ತು.

"ಪರೀಕ್ಷೆ ಮಾಡಿದ್ದೆ ಸಾರ್" ಎಂದೆ.

ಅಷ್ಟೇ. ಅವಳಿಗೆ ಸಸ್ಪೆನ್ಷನ್ ಆಯಿತು. ಎರಡು ತಿಂಗಳಿಗೆ ರಾಜೀನಾಮೆ ಕೊಟ್ಟು ಹೋದಳು. ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ.

ಮರುವರ್ಷ ನಮಗೆಲ್ಲ 'ಒತ್ತಡದ ಕಾಲದಲ್ಲಿ ವೈದ್ಯರ ಮನಸ್ಸು' ಎಂಬ ಉಪನ್ಯಾಸ ಇಟ್ಟರು. ಎ.ಸಿ. ಹಾಲಿನಲ್ಲಿ ನಾಲ್ಕು ಗಂಟೆ ಕುರ್ಚಿಗೆ ಅಂಟಿಸಿ ಕೂರಿಸಿ, ದೇಹಕ್ಕೆ ಚಲನೆ ಮುಖ್ಯ ಎಂದು ಪರದೆಯ ಮೇಲೆ ತೋರಿಸಿದರು. ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳಿ ಎಂದರು. ಅರ್ಧ ಹಾಲು ಹಾಗೇ ನಿದ್ದೆ ಹೋಯಿತು. ಕೊನೆಗೆ ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಕೇಳಿದಾಗ ಮೊದಲ ಸಾಲಿನಿಂದ ನಾನೆದ್ದು, "ನಮ್ಮ ಆಸ್ಪತ್ರೆಗೆ ಎರಡು ಕಂಬ ನೆಡಲು ಅನುಮತಿ ಬೇಕು" ಎಂದೆ. ಎಲ್ಲರೂ ನಕ್ಕರು. ಲಿಖಿತವಾಗಿ ಕೊಡಿ ಎಂದರು. ಕೊಟ್ಟೆ. ನಾನು ನಿವೃತ್ತಳಾಗುವವರೆಗೆ ಉತ್ತರ ಬರಲಿಲ್ಲ. ಅನುಮತಿ ಕೇಳದೆ ಕೀಳಿಸಿದವಳಿಗೆ ಅನುಮತಿ ಕೇಳದೆ ನೆಡಿಸುವ ಧೈರ್ಯ ಬರಲಿಲ್ಲ.

ಮೇಘನಾಳ ಮೇಲೆ ಕೂಗಾಡಿದ ವಾರದಲ್ಲೇ ನನ್ನ ಡ್ರೈವಿಂಗ್ ಲೈಸೆನ್ಸ್ ಹೊಸದು ಮಾಡಿಸಬೇಕಾಗಿ ಬಂತು. ವಯಸ್ಸಾದವರು ಡಾಕ್ಟರ ಸರ್ಟಿಫಿಕೇಟು ಲಗತ್ತಿಸಬೇಕು. ಡ್ರೈವಿಂಗ್ ಸ್ಕೂಲಿನವನು, "ನಿಮಗೇನುಂಗ ಮೇಡಂ, ಯಾರ ಹತ್ರನಾದ್ರೂ ಒಂದು ಸೈನ್ ಹಾಕಿಸ್ಕೊಂಡು ಬಂದುಬಿಡಿ" ಎಂದ. ಆ ಫಾರಂ ಹಿಡಿದು ನಾನು ಕೊಯಮತ್ತೂರಿನ ಯಾವ ಸ್ನೇಹಿತರ ಮನೆಗೂ ಹೋಗಲಿಲ್ಲ. ಅವಿನಾಶಿಯಲ್ಲಿ ಬಸ್ಸು ಬದಲಾಯಿಸಿ ಕುನ್ನತ್ತೂರಿಗೆ ಹೋದೆ.

ಪೂಂಗೊಡಿಯದು ಎರಡು ಕೋಣೆಯ ಕ್ಲಿನಿಕ್ಕು. ಒಂದು ವರ್ಷ ಅವಳು ಸ್ಟೆತಸ್ಕೋಪ್ ಮುಟ್ಟಲಿಲ್ಲವಂತೆ, ತಂದೆಯ ತೋಟದಲ್ಲಿ ಬರೀ ನೀರು ಕಟ್ಟಿದಳಂತೆ. ಆಮೇಲೆ ಹೆಣ್ಣುಮಕ್ಕಳ ಶಾಲೆಯ ಮೈದಾನದಲ್ಲಿ ಆಟ ಕಲಿಸಲು ಕರೆದರಂತೆ. ಕ್ಲಿನಿಕ್ಕು ತೆರೆದದ್ದು ಅದಾದ ಮೇಲೆ. ಸಂಜೆ ಐದರ ನಂತರ ಡಾಕ್ಟರ್ ಇರುವುದಿಲ್ಲ ಎಂದು ಬಾಗಿಲಲ್ಲಿ ಬರೆದಿತ್ತು.

ನನ್ನನ್ನು ಕಂಡು ಎದ್ದು ನಿಂತಳು. ನಾನು ಫಾರಂ ಮುಂದಿಟ್ಟೆ. ಓದಿದಳು. ಪೆನ್ನು ತೆಗೆಯಲಿಲ್ಲ. "ಚಪ್ಪಲಿ ಬಿಟ್ಟು ಮಂಚದ ಮೇಲೆ ಮಲಗೀಂಗ ಮೇಡಂ" ಎಂದಳು.

ಮೂವತ್ತೆರಡು ವರ್ಷದಲ್ಲಿ ನನ್ನನ್ನು ಯಾವ ಡಾಕ್ಟರೂ ಹಾಗೆ ನೋಡಿರಲಿಲ್ಲ. ಕಣ್ಣು, ಕತ್ತು, ಎದೆ, ಹೊಟ್ಟೆ. ಮಂಡಿ ಮಡಿಸಿ ಬಿಡಿಸಿದಳು. ಗೋಡೆಯ ಅಕ್ಷರ ಓದಿಸಿದಳು. ತೋಳಿಗೆ ಬಿ.ಪಿ. ಪಟ್ಟಿ ಸುತ್ತುವಾಗ ನನ್ನಿಂದ ತಡೆಯಲಾಗಲಿಲ್ಲ.

"ಪೂಂಗೊಡಿ, ಅವತ್ತು ಆ ಕೋಣೆಯಲ್ಲಿ ನಾನು ಸುಳ್ಳು ಹೇಳಿದೆ."

"ಗೊತ್ತುಂಗ ಮೇಡಂ. ನಾನೂ ಅಲ್ಲೇ ಇದ್ದೆ. ಈಗ ಮಾತಾಡ್ಬೇಡಿ, ಬಿ.ಪಿ. ನೋಡ್ತಾ ಇದೀನಿ."

ಎರಡು ಸಲ ನೋಡಿದಳು. ಪಟ್ಟಿ ಬಿಚ್ಚಿ, ಸ್ಟೂಲು ಎಳೆದುಕೊಂಡು ನನ್ನ ಮುಖಕ್ಕೆ ಎದುರಾಗಿ ಕೂತಳು. "ನಿದ್ದೆ ಬರುತ್ತಾ ಮೇಡಂ?" ಎಂದು ಕೇಳಿದಳು. ಉತ್ತರ ಬರುವವರೆಗೂ ಕಾದಳು. ಹೊರಗೆ ಐದಾರು ಜನ ಕೂತಿದ್ದರು. ಅವಳು ಬಾಗಿಲ ಕಡೆ ನೋಡಲೇ ಇಲ್ಲ. ನನಗೆ ಅಳು ಬಂತು, ಅತ್ತೆ. ಮೂವತ್ತೆರಡು ವರ್ಷದ್ದೂ ಹೇಳಿದೆ ಎಂದು ಕಾಣುತ್ತದೆ.

ಎಲ್ಲ ಕೇಳಿ ಫಾರಂ ಮಡಿಸಿ ನನ್ನ ಕೈಗೇ ಕೊಟ್ಟಳು. "ಬಿ.ಪಿ. ತುಂಬಾ ಮೇಲಿದೆ. ಇವತ್ತು ಸೈನ್ ಹಾಕೋದಿಲ್ಲ. ಮಾತ್ರೆ ಬದಲಾಯಿಸಿದೀನಿ. ಎರಡು ವಾರ ಕಾರು ಮುಟ್ಬೇಡಿ. ಆಮೇಲೆ ಬನ್ನಿ, ಮತ್ತೆ ನೋಡ್ತೀನಿ."

"ಸರೀಂಗ ಡಾಕ್ಟರ್" ಎಂದೆ.

ಮನೆಗೆ ಬಂದವಳು ಚೀಲ ಕೆಳಗಿಡದೆ, ಬೀರುವಿನಿಂದ ನನ್ನ ಹಳೆಯ ಸ್ಟೆತಸ್ಕೋಪ್ ತೆಗೆದುಕೊಂಡು ಕಂಬಿ ಹಿಡಿದು ಮಹಡಿ ಹತ್ತಿದೆ. ಸಹಿ ಹಾಕುವುದಿಲ್ಲ ಎಂದು ಮೇಘನಾಳ ಮೇಲೆ ಕೂಗಾಡಿದ್ದೆನಲ್ಲ, ನಾನೂ ಅವತ್ತು ಅವಳನ್ನು ನೋಡಿರಲಿಲ್ಲ. ಬಾಗಿಲು ತೆರೆದವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಡ್ಯೂಟಿಯ ಬಿಳಿ ಕೋಟು ಇನ್ನೂ ಮೈಮೇಲಿತ್ತು.

"ನಿನ್ ಸರ್ಟಿಫಿಕೇಟು..." ಎಂದೆ.

"ಅಯ್ಯೋ, ಅದು ಅವತ್ತೇ ಆಯ್ತಲ್ಲ ಆಂಟಿ. ನಮ್ಮ ಸೀನಿಯರ್ ಹಾಕ್ಕೊಟ್ರು, ಲಿಫ್ಟ್ ಹತ್ರ ನಿಂತ್ಕೊಂಡೇ. ಒಂದು ನಿಮಿಷಾನೂ ಆಗ್ಲಿಲ್ಲ."

"ಅದಿರಲಿ ಕಣ್ಣು," ಎಂದೆ. "ಬಾ, ಇಲ್ಲಿ ಮಲಗು."